ನಸೀಮಾ ನನ್ನ ಕೈಗೆ ಬಿಟ್ಟುಹೋದ ಕೋಶಗಳು

ಮೈಸೂರಿಗೆ ಬಂದ ಮೂರನೆಯ ದಿನ, ಹೆಸರು ಕೂಡ ಗೊತ್ತಿಲ್ಲದ ಒಬ್ಬ ಹುಡುಗಿ ನನ್ನ ಎರಡೂ ಕೈ ಹಿಡಿದು ಮೂಗಿನ ಹತ್ತಿರ ಒಯ್ದು ಮೂಸಿದಳು.

"ಬೆಳಿಗ್ಗೆ ದೋಸೆ ಹಿಟ್ಟು ಮುಟ್ಟಿದ್ರಾ?"

"ಇಲ್ರಿ."

"ಇಡ್ಲಿ ಹಿಟ್ಟು?"

"ಇಲ್ರಿ. ನಮ್ಮ ಕಡಿ ಮುಂಜಾನೆ ಅದೆಲ್ಲ ಮಾಡಂಗಿಲ್ರಿ."

"ಹಾಗಾದ್ರೆ ಒಳಗೆ ಬನ್ನಿ" ಎಂದು ಬಾಗಿಲು ತೆರೆದಳು.

ನಮ್ಮ ಬೀದರಿನಲ್ಲಿ ಹೊಸಬರನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳುವ ಪ್ರಶ್ನೆಗಳೇ ಬೇರೆ. ಯಾರ ಪೈಕಿ, ಯಾವ ಮಠದವರು, ತಂದೆ ಏನು ಮಾಡುತ್ತಾರೆ. ದೋಸೆ ಹಿಟ್ಟಿನ ಬಗ್ಗೆ ಯಾರೂ ಕೇಳಿರಲಿಲ್ಲ. ಇದು ಮೈಸೂರಿನವರ ಯಾವುದೋ ಮಡಿ ಇರಬೇಕು ಎಂದುಕೊಂಡೆ. ಒಳಗೆ ಹೋದ ಮೇಲೆ ಅವಳೇ ವಿವರಿಸಿದಳು. ಆ ಕೋಣೆಯಲ್ಲಿ ಗಾಜಿನ ಫ್ಲಾಸ್ಕುಗಳಲ್ಲಿ ಜೀವಕೋಶಗಳನ್ನು ಬೆಳೆಸುತ್ತಿದ್ದರು. ಹುಳಿ ಬಂದ ಹಿಟ್ಟಿನಲ್ಲಿರುವ ಯೀಸ್ಟ್ ಉಗುರಿನ ಸಂದಿಯಲ್ಲಿ ಒಂದು ಕಣ ಉಳಿದರೂ ಸಾಕು, ಎರಡು ದಿನದಲ್ಲಿ ಫ್ಲಾಸ್ಕೆಲ್ಲ ಮಜ್ಜಿಗೆಯಂತೆ ಕದಡಿಹೋಗುತ್ತದೆ. ಹಿಟ್ಟು ಕಲಸಿ ಬಂದವರಿಗೆ ಆವತ್ತು ಆ ಕೋಣೆಗೆ ಪ್ರವೇಶವಿಲ್ಲ. ಜೋಳದ ರೊಟ್ಟಿ ತಿಂದು ಬೆಳೆದ ನನಗೆ ಮೈಸೂರಿನಲ್ಲಿ ಸಿಕ್ಕ ಮೊದಲ ಮರ್ಯಾದೆ ಅದು.

ಹುಡುಗಿಯ ಹೆಸರು ನಸೀಮಾ. ರಾಜೀವನಗರದವಳು. ಪಿಎಚ್.ಡಿ.ಯ ಎರಡನೆಯ ವರ್ಷದಲ್ಲಿದ್ದಳು. ನಾನು ಅದೇ ಲ್ಯಾಬಿಗೆ ಪ್ರಾಜೆಕ್ಟ್ ಸಹಾಯಕಿಯಾಗಿ ಬಂದವಳು. ನಮ್ಮಿಬ್ಬರನ್ನೂ ನೋಡಿಕೊಳ್ಳುತ್ತಿದ್ದ ಪ್ರೊಫೆಸರನ್ನು ಎಲ್ಲರೂ ಮೇಡಂ ಎಂದಷ್ಟೇ ಕರೆಯುತ್ತಿದ್ದರು. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು.

ನಮ್ಮ ಕಡೆಯ ಓದುಗರಿಗೆ ಇಲ್ಲಿಯ ಕೆಲಸ ಏನೆಂದು ಹೇಳಬೇಕು. ಆಗ ಹೇಳಲು ನಾಚಿಕೆಯಾಗುತ್ತಿತ್ತು, ಈಗಿಲ್ಲ. ಗಂಡಿನ ವೃಷಣದೊಳಗೆ ಎಳೆಯ ವೀರ್ಯಾಣುಗಳನ್ನು ಸಾಕುವ ಕೋಶಗಳಿವೆ. ಲ್ಯಾಕ್ಟೇಟ್ ಎಂಬ ಆಹಾರವನ್ನು ತಯಾರಿಸಿ ಅವು ಎಳೆಯವಕ್ಕೆ ಉಣಿಸುತ್ತವೆ. ನಾವು ಅವನ್ನು ದಾದಿ ಕೋಶ ಎನ್ನುತ್ತಿದ್ದೆವು. ಎಷ್ಟೋ ವರ್ಷಗಳ ಹಿಂದೆ ಯಾವುದೋ ದೇಶದಲ್ಲಿ ಒಂದು ಇಲಿಯಿಂದ ತೆಗೆದ ಅಂಥ ಕೋಶಗಳು, ಪೋಷಿಸುವವರಿರುವವರೆಗೂ ಫ್ಲಾಸ್ಕಿನಲ್ಲಿ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತಲೇ ಇರುತ್ತವೆ. ಇದಕ್ಕೆ ಸೆಲ್ ಲೈನ್ ಎನ್ನುತ್ತಾರೆ. ಒಂದೊಂದು ಪರೀಕ್ಷೆಗೂ ಇಲಿಗಳನ್ನು ಕೊಲ್ಲಬೇಕಾಗಿಲ್ಲ. ಲಿಂಗ ಕಟ್ಟಿಕೊಂಡ ನಮ್ಮವ್ವನಿಗೆ ಅಷ್ಟು ಮಾತ್ರ ಹೇಳಿದ್ದೆ: "ನಾ ಇಲಿ ಕೊಲ್ಲಂಗಿಲ್ಲ ಬೇ." ಸರಸ್ವತಿಪುರದಲ್ಲಿ ಮನೆಯ ಹಿಂದಿನ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟಿದ್ದ ಕಮಲಮ್ಮನವರಿಗೆ ಅದನ್ನೂ ಹೇಳಿರಲಿಲ್ಲ. ಮದುವೆಯಾಗದ ಹುಡುಗಿ ದಿನವಿಡೀ ಗಂಡಸರ ಆ ವಿಷಯ ಓದುತ್ತಾಳೆ ಎಂದು ತಿಳಿದರೆ ಕೋಣೆ ಖಾಲಿ ಮಾಡಿಸಿಯಾರು ಎಂಬ ಭಯ.

ನಸೀಮಾಳ ಕೆಲಸ ಇದು: ತೊಗರಿ ಹೊಲಕ್ಕೆ ಹೊಡೆಯುವ ಒಂದು ಕೀಟನಾಶಕವನ್ನು ಬಹಳ ಸಣ್ಣ ಪ್ರಮಾಣದಲ್ಲಿ ಈ ದಾದಿ ಕೋಶಗಳಿಗೆ ಹಾಕುವುದು, ಆಗ ಅವು ಉಣಿಸುವುದು ಕಡಿಮೆಯಾಗುತ್ತದೆಯೇ ಎಂದು ಅಳೆಯುವುದು. ನಮ್ಮಣ್ಣ ಬಸವರಾಜ ಪ್ರತಿ ವರ್ಷ ಹೆಗಲಿಗೆ ಡಬ್ಬಿ ಹಾಕಿಕೊಂಡು ಹೊಡೆಯುತ್ತಿದ್ದದ್ದು ಅದೇ ಔಷಧ. ಲ್ಯಾಬಿಗೆ ತಂದಿದ್ದ ಔಷಧದ ಡಬ್ಬಿಯ ಮೇಲಿನ ಚಿತ್ರ ನೋಡಿಯೇ ನಾನು ಗುರುತು ಹಿಡಿದೆ. ಅದರ ಪರೀಕ್ಷೆ ಇಲ್ಲಿ ನಡೆಯುತ್ತಿದೆ ಎಂದು ಅವನೊಬ್ಬನಿಗೆ ಪತ್ರದಲ್ಲಿ ಬರೆದಿದ್ದೆ.

ಮೊದಲ ತಿಂಗಳುಗಳಲ್ಲಿ ನನಗೆ ಮೈಸೂರಿನ ಕನ್ನಡವೇ ಪರಭಾಷೆ. ನಾನು "ಹೋಗ್ಲತ್ತೀನಿ" ಎಂದರೆ ಇಲ್ಲಿಯವರು ನಕ್ಕು ಇನ್ನೊಮ್ಮೆ ಹೇಳಿಸುತ್ತಿದ್ದರು. ಕಮಲಮ್ಮನವರು "ಬೇಗ ಬಂದ್ಬುಟ್ರಲ್ಲ ಇವತ್ತು" ಎಂದರೆ, ಬರಬಾರದಿತ್ತೇ ಎಂದು ನಾನು ಅಂಜುತ್ತಿದ್ದೆ. ಆ 'ಬುಟ್ರು' ಪ್ರೀತಿಯದು ಎಂದು ತಿಳಿಯಲು ದಿನ ಹಿಡಿಯಿತು. ರಾಗಿ ಮುದ್ದೆಯನ್ನು ಅಗಿದು ಅಗಿದು ಬಾಯಿಗೆ ಅಂಟಿಸಿಕೊಂಡಾಗ ಅವರೇ ಪಕ್ಕದಲ್ಲಿ ಕೂತು ಕಲಿಸಿದರು. "ಅಗೀಬಾರ್ದು ಕಣಮ್ಮ, ಸಾರಲ್ಲಿ ಅದ್ದಿ ನುಂಗ್ಬುಡಬೇಕು." ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿಗೆ ಖಾರ ಹಾಕಿ ಮಾಡುವ ಬಸ್ಸಾರು ಮಾತ್ರ ಮೊದಲ ದಿನವೇ ಹಿಡಿಸಿತು.

ಒಂದು ಮಧ್ಯಾಹ್ನ ನಸೀಮಾ ತನ್ನ ಡಬ್ಬಿಯಿಂದ ಏನೋ ಕೊಡಲು ಬಂದಾಗ ನನ್ನ ಬಾಯಿಂದ ತಾನಾಗಿ "ನಕ್ಕೋ" ಎಂದು ಬಂತು. ನಕ್ಕೋ ಎಂದರೆ ಬೇಡ. ಬೀದರಿನ ಸಂತೆಯಲ್ಲಿ, ಓಣಿಯಲ್ಲಿ ಎಲ್ಲರೂ ಆಡುವ ಉರ್ದು. ಅವಳ ಕಣ್ಣು ಅರಳಿತು. "ಅರೆ! ಮೊದಲೇ ಹೇಳೋದಲ್ವೇನೇ!" ಅಂದಿನಿಂದ ನಾವಿಬ್ಬರೂ ಉರ್ದುವಿನಲ್ಲಿ ಮಾತಾಡತೊಡಗಿದೆವು. ಅವಳದು ಮೈಸೂರಿನ ಉರ್ದು, ನನ್ನದು ಬೀದರಿನದು. ಒಬ್ಬರದನ್ನೊಬ್ಬರು ಅಣಕಿಸುತ್ತಿದ್ದೆವು. ಲಿಂಗಾಯತರ ಹುಡುಗಿಗೆ ಎಂಟುನೂರು ಕಿಲೋಮೀಟರು ದಾಟಿ ಬಂದ ಮೇಲೆ ಮನೆಯ ನೆನಪು ತಂದದ್ದು ಉರ್ದು ಎಂದರೆ ಇಲ್ಲಿಯವರು ನಂಬುವುದಿಲ್ಲ. ನಮ್ಮ ಕಡೆಯವರು ನಂಬುತ್ತೀರಿ. ಜೋಳದ ಹಿಟ್ಟು ಸಿಗದೆ ಒದ್ದಾಡುತ್ತಿದ್ದ ನನ್ನನ್ನು ಮಂಡಿ ಮೊಹಲ್ಲಾದ ಸಗಟು ಅಂಗಡಿಗೆ ಕರೆದೊಯ್ದವಳೂ ಅವಳೇ. ಮಾರನೆಯ ದಿನ ರೊಟ್ಟಿ ಬಡಿಯುವ ಸದ್ದಿಗೆ ಕಮಲಮ್ಮ ಓಡಿ ಬಂದು, "ಏನ್ರೀ ಅದು, ಗೋಡೆ ಬಡೀತಿದ್ದೀರಾ?" ಎಂದರು. ಆಮೇಲೆ ಎರಡು ರೊಟ್ಟಿ ತಿಂದೇ ಹೋದರು.

ನಾನು ಮಾಡಿದ ತಪ್ಪಿಗೆ ಬರುತ್ತೇನೆ.

ಕೋಶಗಳಿಗೆ ಹಾಕುವ ಪೋಷಕ ದ್ರವಕ್ಕೆ ಮೀಡಿಯಂ ಎನ್ನುತ್ತೇವೆ. ಗುಲಾಬಿ ಬಣ್ಣದ ನೀರು. ಅದಕ್ಕೆ ಬೆರೆಸುವ ಸೀರಂ, ಅಂದರೆ ರಕ್ತದ ತಿಳಿ, ಹೊರದೇಶದಿಂದ ಬರಬೇಕಿತ್ತು. ಆ ವರ್ಷ ಅದು ಆರು ತಿಂಗಳಾದರೂ ಬರದೆ ನಸೀಮಾ ಕೈಕಟ್ಟಿ ಕೂತಿದ್ದಳು. ಕೊನೆಗೆ ಬಂತು. ದೊಡ್ಡ ಬಾಟಲಿ ತುಂಬ ಮೀಡಿಯಂ ಮಾಡಿ ಇಟ್ಟೆವು. ಅವಳ ಇಲಿಯ ಕೋಶಗಳಲ್ಲದೆ ಅದೇ ಕೋಣೆಯಲ್ಲಿ ಮನುಷ್ಯರ ಕ್ಯಾನ್ಸರ್ ಕೋಶಗಳ ಫ್ಲಾಸ್ಕುಗಳೂ ಇದ್ದವು. ಬಹಳ ಬೇಗ ಬೆಳೆಯುವ ಜಾತಿ. ಅವುಗಳ ಉಸ್ತುವಾರಿ ನನ್ನದು. ಎರಡನ್ನೂ ಒಟ್ಟಿಗೆ ತೆರೆಯಬಾರದು, ಒಂದರ ದ್ರವ ಹೀರಿದ ಪಿಪೆಟ್ ಇನ್ನೊಂದರ ಬಾಟಲಿಗೆ ಹೋಗಬಾರದು. ಮೊದಲ ವಾರವೇ ನಸೀಮಾ ನನಗೆ ಬಾಯಿಪಾಠ ಮಾಡಿಸಿದ್ದ ನಿಯಮ.

ರಂಜಾನ್ ಹಬ್ಬದ ದಿನ ಲ್ಯಾಬಿಗೆ ರಜೆ. ಕೋಶಗಳಿಗೆ ರಜೆ ಇಲ್ಲ. "ನಂದೂ ಸ್ವಲ್ಪ ನೋಡ್ಕೋ. ಮಧ್ಯಾಹ್ನ ಮನೆಗೆ ಬಂದ್ಬಿಡು, ಅಮ್ಮಿ ನಿನಗೋಸ್ಕರ ಬೇರೆ ಪಾತ್ರೇಲಿ ಅಡುಗೆ ಮಾಡ್ತಿದ್ದಾರೆ" ಎಂದು ಹೇಳಿ ಹೋಗಿದ್ದಳು. ಹನ್ನೊಂದು ಗಂಟೆಗೆ ಕರೆಂಟು ಹೋಗುವ ಸರದಿ. ಕರೆಂಟು ಹೋದರೆ ಶುದ್ಧ ಗಾಳಿ ಬೀಸುವ ಯಂತ್ರ ನಿಲ್ಲುತ್ತದೆ. ಅವಸರದಲ್ಲಿ ಎರಡೂ ಬಗೆಯ ಫ್ಲಾಸ್ಕುಗಳನ್ನು ಒಟ್ಟಿಗೆ ಇಟ್ಟುಕೊಂಡೆ. ನನ್ನ ಕ್ಯಾನ್ಸರ್ ಕೋಶಗಳನ್ನು ಕಲಕಿದ ಪಿಪೆಟ್ಟನ್ನೇ ಆ ದೊಡ್ಡ ಬಾಟಲಿಗೆ ಅದ್ದಿದೆ. ಅದ್ದಿದ ಕ್ಷಣವೇ ತಿಳಿಯಿತು.

ಬಾಟಲಿ ಚೆಲ್ಲಬೇಕಿತ್ತು. ಚೆಲ್ಲಿದರೆ ನಸೀಮಾ ಮತ್ತೆ ಆರು ತಿಂಗಳು ಕಾಯಬೇಕು. ನಾನು ಕೆಲಸಕ್ಕೆ ಬಾರದವಳೆಂದು ಮೇಡಂ ಮನೆಗೆ ಕಳಿಸುತ್ತಾರೆ. ಒಂದು ಹನಿಯಲ್ಲಿ ಏನಾಗುತ್ತದೆ ಎಂದುಕೊಂಡು ಅದೇ ಮೀಡಿಯಂ ಅವಳ ಫ್ಲಾಸ್ಕುಗಳಿಗೂ ಹಾಕಿ, ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟು ರಾಜೀವನಗರದ ಬಸ್ಸು ಹಿಡಿದೆ.

ಅವರ ಮನೆಯಲ್ಲಿ ನನ್ನನ್ನು ಚಾಪೆಯ ನಡುವೆ ಕೂರಿಸಿ ಬಡಿಸಿದರು. ಶ್ಯಾವಿಗೆ, ಹಾಲು, ಖರ್ಜೂರದ ಶೀರ್ ಖುರ್ಮಾ ಎರಡು ಬಟ್ಟಲು. ನಸೀಮಾ ಕೇಳಿದಳು: "ನನ್ನ ಸೆಲ್ಸ್ ಹೇಗಿವೆ?"

"ಚೆನ್ನಾಗಿವೆ" ಎಂದೆ.

ನಿಜವಾಗಿಯೂ ಚೆನ್ನಾಗಿಯೇ ಇದ್ದವು. ಕೆಲವು ವಾರ ಕಳೆದ ಮೇಲಂತೂ ಅವುಗಳ ಬೆಳವಣಿಗೆ ನೋಡಿ ಮೇಡಂ ಹಿಗ್ಗಿದರು. ಮೊದಲು ನಾಲ್ಕು ದಿನಕ್ಕೆ ತುಂಬುತ್ತಿದ್ದ ಫ್ಲಾಸ್ಕು ಎರಡೇ ದಿನಕ್ಕೆ ತುಂಬುತ್ತಿತ್ತು. ಕೋಶಗಳು ಹೆಚ್ಚಾದ ಗುರುತಾಗಿ ಗುಲಾಬಿ ನೀರು ಬೇಗ ಹಳದಿಗೆ ತಿರುಗುತ್ತಿತ್ತು. "ನಂದಾ, ನಿನ್ನ ಕೈಗುಣ ಕಣೇ ಇದು. ಹಬ್ಬದ ದಿನ ನೀನು ಮುಟ್ಟಿದ್ದೇ ಮುಟ್ಟಿದ್ದು!" ಎಂದು ನಸೀಮಾ ಎಲ್ಲರೆದುರು ಹೇಳುತ್ತಿದ್ದಳು. ನನ್ನ ಪೂರ್ತಿ ಹೆಸರು ಮಹಾನಂದಾ. ಅದನ್ನು ಕತ್ತರಿಸಿ ಪ್ರೀತಿಯ ಹೆಸರು ಮಾಡಿದ್ದವಳೂ ಅವಳೇ. ನಾನು ತಲೆ ತಗ್ಗಿಸಿ ನಗುತ್ತಿದ್ದೆ.

ಅವಳ ಫಲಿತಾಂಶಗಳೂ ಬದಲಾದವು. ಮೊದಲ ವರ್ಷದ ಪರೀಕ್ಷೆಗಳಲ್ಲಿ ಔಷಧ ಬಿದ್ದ ಕೋಶಗಳು ಉಣಿಸುವುದನ್ನು ಕಡಿಮೆ ಮಾಡಿದ್ದವು. ಈಗ ಎಷ್ಟು ಹಾಕಿದರೂ ಒಂದೇ ಸಮ. ಆಗ ಅವಳ ಕೈ ಕೂತಿರಲಿಲ್ಲ, ಈಗಿನದೇ ಸರಿ ಎಂದು ಮೇಡಂ ತೀರ್ಮಾನಿಸಿದರು. ಮೊದಲ ವರ್ಷದ ನೋಟ್ ಪುಸ್ತಕ ಕಪಾಟಿನ ಮೇಲೆ ಹೋಯಿತು.

ಮುಂದಿನ ವರ್ಷ ಸಂಕ್ರಾಂತಿಗೆ ಊರಿಗೆ ಹೋದೆ. ಅಣ್ಣನಿಗೆ ಮದುವೆಯಾಗಿ ಮೂರು ವರ್ಷ, ಮಕ್ಕಳಾಗಿರಲಿಲ್ಲ. ಹೊಲದಲ್ಲಿ ನಾವಿಬ್ಬರೇ ಇದ್ದಾಗ ಅವನು ಬೇರೆ ಕಡೆ ನೋಡುತ್ತ ಕೇಳಿದ.

"ಈ ಹೊಲಕ್ಕ ಹೊಡಿಯೋ ಎಣ್ಣಿಯಿಂದ ಗಂಡಸರಿಗೆ ಏನೋ ಆಗ್ತದ ಅಂತಾರಲ್ಲವ್ವ. ನೀ ಅದೇ ಓದ್ಲತ್ತಿ ಅಲ್ಲ. ಖರೇನ?"

"ನಮ್ಮ ಲ್ಯಾಬಿನಾಗ ನೋಡೀವಿ ಅಣ್ಣ. ಹಂಗೇನೂ ಕಂಡಿಲ್ಲ."

"ನೀ ಹೇಳಿದ್ಮ್ಯಾಲ ಮುಗೀತು ಬಿಡು" ಎಂದು ನಿಟ್ಟುಸಿರು ಬಿಟ್ಟ. ಮಾರನೆಯ ದಿನ ಕಡಲೆ ಹೊಲಕ್ಕೆ ಅದೇ ಔಷಧ ಹೊಡೆಯಲು ಹೋಗುವಾಗ ಮೂಗಿಗೆ ಕಟ್ಟುತ್ತಿದ್ದ ಬಟ್ಟೆಯನ್ನು ಗೂಟಕ್ಕೇ ಬಿಟ್ಟು ಹೋದ. ಸೆಕೆಗೆ ಅದು ಅವನಿಗೆ ಮೊದಲೇ ಆಗಿಬರುತ್ತಿರಲಿಲ್ಲ.

ನಾನು ರಜೆ ಮುಗಿಯುವ ಮೊದಲೇ ಮೈಸೂರಿಗೆ ಮರಳಿದೆ. ಒಂದು ಭಾನುವಾರ ಒಬ್ಬಳೇ ಲ್ಯಾಬಿಗೆ ಹೋಗಿ ನಸೀಮಾಳ ಫ್ಲಾಸ್ಕಿನಿಂದ ಸ್ವಲ್ಪ ಕೋಶ ತೆಗೆದು, ಅವುಗಳ ಕ್ರೋಮೋಸೋಮು ಕಾಣುವಂತೆ ಸ್ಲೈಡ್ ಮಾಡಿದೆ. ಇಲಿಯ ಕ್ರೋಮೋಸೋಮುಗಳು ಒಂದು ತುದಿಗೆ ಗಂಟು ಹಾಕಿದ ದಾರದಂತಿರುತ್ತವೆ. ಮನುಷ್ಯನವುಗಳಲ್ಲಿ ಹೆಚ್ಚಿನವಕ್ಕೆ ಗಂಟು ನಡುವೆಯೋ ಸ್ವಲ್ಪ ಆಚೀಚೆಯೋ ಇದ್ದು, ತೆರೆದ ಕತ್ತರಿಯಂತೆ ನಾಲ್ಕು ತುದಿ ಕಾಣುತ್ತವೆ. ಸೂಕ್ಷ್ಮದರ್ಶಕದಲ್ಲಿ ಎಲ್ಲಿ ನೋಡಿದರೂ ಕತ್ತರಿಗಳು. ಇಲಿಯ ಒಂದು ಕೋಶವೂ ಉಳಿದಿರಲಿಲ್ಲ. ನಸೀಮಾ ಒಂದು ವರ್ಷದಿಂದ ಅಳೆಯುತ್ತಿದ್ದದ್ದು ದಾದಿ ಕೋಶಗಳನ್ನಲ್ಲ. ನಾನು ಹಬ್ಬದ ದಿನ ಒಂದು ಹನಿಯಲ್ಲಿ ಬಿಟ್ಟ ಕ್ಯಾನ್ಸರ್ ಕೋಶಗಳನ್ನು.

ಆ ಸಂಜೆಯೇ ಅಣ್ಣನಿಗೆ ಪತ್ರ ಬರೆದೆ. ನಮ್ಮ ಪರೀಕ್ಷೆ ತಪ್ಪಾಗಿದೆ, ನಾನು ಹೇಳಿದ್ದು ನಂಬಬೇಡ, ಬಟ್ಟೆ ಕಟ್ಟಿಕೊಳ್ಳದೆ ಹೊಡೆಯಬೇಡ, ಸಾಧ್ಯವಾದರೆ ಆ ಔಷಧವನ್ನೇ ಬಿಡು.

ನಸೀಮಾಗೆ ನಾಲ್ಕು ತಿಂಗಳು ಹೇಳಲಿಲ್ಲ.

ಇದಕ್ಕೆ ನಾನು ಕೊಟ್ಟುಕೊಂಡ ಕಾರಣಗಳು ಒಂದೆರಡಲ್ಲ. ಅವಳ ಮದುವೆ ನಿಶ್ಚಯವಾಗಿತ್ತು. ಥೀಸಿಸ್ ಟೈಪಾಗುತ್ತಿತ್ತು. ಮೇಡಂ ಊರಲ್ಲಿರಲಿಲ್ಲ, ಬಂದ ಮೇಲೆ ಅವರಿಗೆ ಜ್ವರ. ಇವೆಲ್ಲದರ ಕೆಳಗೆ ಇದ್ದದ್ದು ಒಂದೇ: ಊರಿಗೆ ಸೋತು ಮರಳಬೇಕಾದೀತು ಎಂಬ ಹೆದರಿಕೆ. ಬೀದರಿನಿಂದ ಮೈಸೂರಿಗೆ ಓದಿನ ಕೆಲಸಕ್ಕೆ ಹೋದ ನಮ್ಮ ಓಣಿಯ ಮೊದಲ ಹುಡುಗಿ ಎಂದು ಮಠದ ಸ್ವಾಮಿಗಳು ಶಾಲು ಹೊದಿಸಿ ಕಳಿಸಿದ್ದರು. ಆ ಶಾಲು ನನ್ನ ಟ್ರಂಕಿನ ತಳದಲ್ಲಿತ್ತು.

ಮೇ ತಿಂಗಳಲ್ಲಿ ಒಂದು ದಿನ ನಸೀಮಾ ನನ್ನನ್ನು ಮಂಡಿ ಮೊಹಲ್ಲಾಕ್ಕೆ ಎಳೆದುಕೊಂಡು ಹೋದಳು. ಅಲ್ಲಿ ಅವಳ ತಂದೆಗೆ ಪುಸ್ತಕ ಬೈಂಡಿಂಗ್ ಮಾಡುವ ಸಣ್ಣ ಮಳಿಗೆ. ಒಬ್ಬರು ಕಾಲು ಚಾಚಿದರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟು ಜಾಗ. ಮೈದಾ ಅಂಟಿನ ವಾಸನೆ. ನಾನೂ ಅವರನ್ನು ಅಬ್ಬಾ ಎಂದೇ ಕರೆಯುತ್ತಿದ್ದೆ. ಅವರು ಎರಡು ತುಂಡು ರಟ್ಟುಬಟ್ಟೆ ಎತ್ತಿ ಹಿಡಿದರು.

"ಕಪ್ಪಾ, ಕಡು ನೀಲಿನಾ? ಇವಳಿಗೆ ತೀರ್ಮಾನ ಮಾಡೋಕಾಗ್ತಿಲ್ಲ. ನೀನೇ ಹೇಳಮ್ಮ."

ನಾನು ಎರಡೂ ತುಂಡನ್ನು ಕೈಗೆ ತೆಗೆದುಕೊಂಡೆ.

"ಮೂವತ್ತು ವರ್ಷದಿಂದ ಬೇರೆಯವ್ರ ಮಕ್ಕಳ ಥೀಸಿಸ್ ಹೊಲೀತಾ ಇದ್ದೀನಿ ಕಣಮ್ಮ. ಒಳಗೆ ಏನಿರ್ತದೆ ಅಂತ ನಂಗೆ ಒಂದಕ್ಷರ ಗೊತ್ತಾಗಲ್ಲ. ಇದೊಂದನ್ನ ಮಾತ್ರ ಓದಿಸಿ ಕೇಳ್ಬೇಕು ಅಂತಿದ್ದೀನಿ."

ಅಲ್ಲಿ ಇನ್ನೊಂದು ನಿಮಿಷ ಕೂರಲು ನನ್ನಿಂದಾಗಲಿಲ್ಲ. ನಸೀಮಾಳನ್ನು ಹೊರಗೆ ಕರೆದೆ. ಮೂಟೆ ಹೊತ್ತವರು ದಾರಿ ಬಿಡಿ ಎಂದು ಕೂಗುತ್ತ ಹೋಗುತ್ತಿದ್ದ ಗಲ್ಲಿಯಲ್ಲಿ, ಗೋಡೆಗೆ ಒತ್ತಿ ನಿಂತು, ಎಲ್ಲವನ್ನೂ ಹೇಳಿದೆ. ಪಿಪೆಟ್ಟು, ಬಾಟಲಿ, ಶೀರ್ ಖುರ್ಮಾ ತಿನ್ನುತ್ತ ಹೇಳಿದ ಸುಳ್ಳು, ಸ್ಲೈಡು.

ಹೇಳಿ ಮುಗಿದ ಮೇಲೆ ನಸೀಮಾ ಕೇಳಿದಳು.

"ಸ್ಲೈಡ್ ನೋಡಿದ್ದು ಯಾವಾಗ?"

"ಸಂಕ್ರಾಂತಿ ಆದ್ಮೇಲೆ."

"ಯಾಕೆ ಮಾಡಿದೆ? ಇದ್ದಕ್ಕಿದ್ದ ಹಾಗೆ?"

ಅಣ್ಣನ ವಿಷಯ ಹೇಳಿದೆ. ಬಟ್ಟೆ ಬಿಟ್ಟು ಹೋದದ್ದು, ಪತ್ರ ಬರೆದದ್ದು.

"ಪತ್ರ ಯಾವತ್ತು ಬರೆದೆ?"

"ಆವತ್ತೇ."

ನಸೀಮಾ ನನ್ನ ಮುಖವನ್ನೇ ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಕೈತಪ್ಪು ಯಾರಿಂದ ಬೇಕಾದ್ರೂ ಆಗ್ತದೆ. ನನ್ನಿಂದಲೂ ಆಗ್ತಿತ್ತು" ಎಂದಳು. "ನಿಮ್ಮಣ್ಣಂಗೆ ಆವತ್ತೇ ಬರೆದೆ. ನಾನು ದಿನಾ ನಿನ್ನ ಪಕ್ಕದಲ್ಲೇ ಕೂತಿದ್ದೆ. ಅಂದ್ರೆ ಅವ್ರು ನಿಮ್ಮೋರು. ನಾನು ಯಾರು?"

ಆ ಪ್ರಶ್ನೆಯನ್ನು ಅವಳು ಕನ್ನಡದಲ್ಲಿ ಕೇಳಿದಳು. ಅಲ್ಲಿಯವರೆಗೆ ನಾವು ಉರ್ದುವಿನಲ್ಲಿದ್ದೆವು. ಅದಾದ ಮೇಲೆ ನಸೀಮಾ ನನ್ನ ಜೊತೆ ಉರ್ದು ಆಡಲಿಲ್ಲ. ಮಾರನೆಯ ದಿನದಿಂದ ನಾನು ಅವಳಿಗೆ "ನೀವು" ಆದೆ.

ಮೇಡಂ ಎದುರು ನಾನೇ ಹೋಗಿ ನಿಂತೆ. ಅವರು ಊರಿಗೆ ಕಳಿಸಲಿಲ್ಲ. ಕಳಿಸಿದ್ದರೆ ಸುಲಭವಾಗುತ್ತಿತ್ತು ಎಂದು ಎಷ್ಟೋ ಸಲ ಅನಿಸಿದೆ. ಒಂದು ವರ್ಷ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಹಾಕಿದರು, ಕೋಶಗಳ ಕೋಣೆಯ ಬಾಗಿಲು ನನಗೆ ಮುಚ್ಚಿತು. ನಸೀಮಾ ಟೈಪಾದ ಥೀಸಿಸನ್ನು ಪಕ್ಕಕ್ಕಿಟ್ಟಳು. ಅವಳು ಬಂದ ಹೊಸತರಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದ ಇಲಿಯ ಕೋಶಗಳ ಎರಡು ಸಣ್ಣ ಸೀಸೆಗಳು ದ್ರವ ಸಾರಜನಕದ ಡ್ರಮ್ಮಿನಲ್ಲಿ ಉಳಿದಿದ್ದವು. ಒಂದು ಬದುಕಲಿಲ್ಲ. ಎರಡನೆಯದು ಹದಿನೈದು ದಿನದ ಮೇಲೆ ಮೆಲ್ಲಗೆ ಬೆಳೆಯತೊಡಗಿತು. ಅದರಲ್ಲಿ ಅವಳು ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಕಪಾಟಿನ ಮೇಲಿಂದ ಇಳಿಸಿದ ಮೊದಲ ವರ್ಷದ ನೋಟ್ ಪುಸ್ತಕದಲ್ಲಿದ್ದದ್ದೇ ಮತ್ತೆ ಬಂತು. ಔಷಧ ಬಿದ್ದರೆ ದಾದಿ ಕೋಶಗಳು ಉಣಿಸುವುದನ್ನು ಕಡಿಮೆ ಮಾಡುತ್ತವೆ. ಅವಳ ಕೈ ಮೊದಲ ದಿನದಿಂದಲೂ ಸರಿಯಾಗಿಯೇ ಕೂತಿತ್ತು.

ಇದಕ್ಕೆ ಎರಡು ವರ್ಷ ಹಿಡಿಯಿತು. ನಿಶ್ಚಯವಾಗಿದ್ದ ಮದುವೆ ಮುಂದಕ್ಕೆ ಹೋಯಿತು, ಆಮೇಲೆ ನಡೆಯಲೇ ಇಲ್ಲ. ಅದು ನನ್ನಿಂದಾಯಿತು ಎಂದು ಅವಳು ಎಂದೂ ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಅಬ್ಬಾ ಹೊಲಿದ ಥೀಸಿಸನ್ನು ನಾನು ಕಂಡದ್ದು ಮೇಡಂ ಮೇಜಿನ ಮೇಲೆ. ಕಡು ನೀಲಿ. ಕೃತಜ್ಞತೆಯ ಪುಟದಲ್ಲಿ ಲ್ಯಾಬಿನ ಎಲ್ಲರ ಹೆಸರಿನ ಸಾಲಿನಲ್ಲಿ ನನ್ನ ಹೆಸರೂ ಇತ್ತು, ಮಹಾನಂದಾ ಎಂದು, ಪೂರ್ತಿಯಾಗಿ.

ನಾನು ಮೈಸೂರಿನಲ್ಲೇ ಉಳಿದೆ. ತಾಂತ್ರಿಕ ಸಹಾಯಕಿಯ ಕೆಲಸ ಖಾಯಂ ಆಯಿತು. ಕೋಶಗಳ ಕೋಣೆಯ ಬಾಗಿಲು ಮತ್ತೆ ತೆರೆಯಿತು. ಈಗ ಹೊಸ ವಿದ್ಯಾರ್ಥಿಗಳಿಗೆ ನಾನೇ ಮೊದಲ ವಾರ ಪಾಠ ಮಾಡುವವಳು. ನಿಯಮಗಳನ್ನು ಹೇಳುವಾಗ ಈ ಕಥೆಯನ್ನೂ ನನ್ನ ಹೆಸರಿಟ್ಟೇ ಹೇಳುತ್ತೇನೆ. ಅವರು ಪಿಪೆಟ್ಟಿನ ಬಗ್ಗೆ ಬರೆದುಕೊಳ್ಳುತ್ತಾರೆ. ನಾಲ್ಕು ತಿಂಗಳ ಬಗ್ಗೆ ಬರೆದುಕೊಂಡವರನ್ನು ಇನ್ನೂ ನೋಡಿಲ್ಲ. ಊರಿಗೆ ಹೋದಾಗ ನನ್ನ ಮಾತಿನಲ್ಲಿ "ಬಂದ್ಬುಟ್ಟೆ" ನುಸುಳಿದರೆ ಅವ್ವ "ಮೈಸೂರವ್ವ ಬಂದಳು" ಎನ್ನುತ್ತಾಳೆ. ಇಲ್ಲಿ ಕಮಲಮ್ಮನವರು ಇವತ್ತಿಗೂ ನನ್ನನ್ನು ಪರಿಚಯಿಸುವುದು "ಬೀದರಿನ ಕಡೆಯವರು ಕಣ್ರೀ" ಎಂದೇ.

ಕಳೆದ ಬೇಸಿಗೆಯಲ್ಲಿ ಅಣ್ಣ, ಅತ್ತಿಗೆ, ಅವರ ಎರಡು ವರ್ಷದ ಮಗಳು ಮೈಸೂರು ನೋಡಲು ಬಂದರು. ಅಣ್ಣ ಬಟ್ಟೆಯಲ್ಲಿ ಸುತ್ತಿ ಅಜ್ಜನ ಪುರಾಣದ ಪುಸ್ತಕ ತಂದಿದ್ದ. ಹಾಳೆಗಳು ಬಿಡಿಬಿಡಿಯಾಗಿದ್ದವು. "ನೀ ಪತ್ರದಾಗ ಬರೀತಿದ್ದಿ ಅಲ್ಲ, ಚಂದ ಹೊಲಿಯೋರು ಒಬ್ಬರು ಅದಾರಂತ. ಅವರ ಕಡಿ ಒಯ್ಯಮು" ಎಂದ. ಬೇರೆ ಅಂಗಡಿಗಳೂ ಇವೆ ಎಂದು ಹೇಳಬಹುದಿತ್ತು. ಹೇಳಲಿಲ್ಲ.

ಮಳಿಗೆಯಲ್ಲಿ ಅಬ್ಬಾ ಇದ್ದರು, ನಸೀಮಾನೂ ಇದ್ದಳು. ಅವಳು ಬೇರೆ ಊರಿನ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ರಜೆಗೆ ಬಂದಿದ್ದಳು. ಅಣ್ಣ ಬಾಯಿ ತೆರೆದದ್ದೇ ಬೀದರಿನ ಉರ್ದುವಿನಲ್ಲಿ. ಅಬ್ಬಾ ಹಿಗ್ಗಿಹೋದರು. ಪುರಾಣದ ಹಾಳೆಗಳನ್ನು ಒಂದೊಂದಾಗಿ ಹುಷಾರಾಗಿ ಜೋಡಿಸುತ್ತ, ಬೀದರಿನ ಕೋಟೆಯ ಬಗ್ಗೆ ಕೇಳಿದರು. ಪುಟ್ಟಿ ನಸೀಮಾಳ ತೊಡೆಯೇರಿ ಕೂತಳು. ಅವಳನ್ನು ಆಡಿಸುತ್ತಲೇ ನಸೀಮಾ ಅಣ್ಣನನ್ನು ಉರ್ದುವಿನಲ್ಲೇ ಕೇಳಿದಳು.

"ಭಯ್ಯಾ, ಹೊಲಕ್ಕೆ ಔಷಧ ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ತೀರಾ ತಾನೆ?"

"ಅಯ್ಯೋ, ಆ ಔಷಧಾನೇ ಬಿಟ್ಟು ಯಾವ ಕಾಲ ಆಯಿತು! ಇವಳು ಪತ್ರ ಬರೆದಿದ್ದಳಲ್ಲ."

"ಹೌದು. ಬರೆದಿದ್ದಳು" ಎಂದಳು ನಸೀಮಾ. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಟೀ ಕುಡೀತೀರಾ ಮಹಾನಂದಾ?" ಎಂದಳು.

"ಕುಡೀತೀನಿ" ಎಂದೆ. ಎದುರಿನ ಹೋಟೆಲಿನಿಂದ ಅವಳೇ ಹೋಗಿ ತಂದಳು. ನನ್ನದರಲ್ಲಿ ಸಕ್ಕರೆ ಕಡಿಮೆ ಇತ್ತು. ನಾನು ಕುಡಿಯುವುದು ಹಾಗೆಯೇ.

ಹಿಂತಿರುಗುವಾಗ ಪುಟ್ಟಿ ಅಣ್ಣನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಬಸ್ ಸ್ಟಾಪಿನಲ್ಲಿ ಅವನು ಕೇಳಿದ.

"ಛಲೋ ಮಂದಿ. ಇವರು ನಿನಗ ಏನಾಗಬೇಕು?"

ಗೆಳತಿ ಎನ್ನಲು ಬಾಯಿ ಬರಲಿಲ್ಲ. ಜೊತೆಗೆ ಕೆಲಸ ಮಾಡಿದವಳು ಎಂದರೆ ಅದು ಇನ್ನೊಂದು ಸುಳ್ಳಾಗುತ್ತಿತ್ತು.

"ನಮ್ಮೂರವರು" ಎಂದೆ.

ಅಣ್ಣ ನಕ್ಕ. "ಯಾವ ಊರವ್ವ?"